ರೊಟ್ಟಿಯೋ, ಕಣಿಕೆಯೋ, ರಕ್ತವೋ: ನಿತ್ಯದ ದಾನವನ್ನು ಆರಿಸಿಕೊಳ್ಳುವ ಬಗೆ

ಜಮಖಂಡಿಯ ನಿವೃತ್ತ ಶಿಕ್ಷಕಿಯೊಬ್ಬರು ತಿಂಗಳಿಗೆ ಎರಡು ಸಾವಿರ ರೂಪಾಯಿ ಎತ್ತಿಡಬಲ್ಲೆ, ಅದನ್ನು ಗೋಶಾಲೆಗೆ ಕೊಡಲೋ ಒಬ್ಬ ಹುಡುಗನ ಓದಿಗೆ ಕೊಡಲೋ ಎಂದು ಕೇಳಿದ್ದಾರೆ. ವಿಜಯಪುರದ ವಸತಿನಿಲಯದಲ್ಲಿರುವ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಹಣವಿಲ್ಲ, ಭಾನುವಾರದ ಬಿಡುವು ಮಾತ್ರ ಇದೆ. ಬಸವನ ಬಾಗೇವಾಡಿಯ ದಂಪತಿಗೆ ಮಗಳ ಹುಟ್ಟುಹಬ್ಬದಂದು ಊಟ ಹಾಕಿಸುವ ಆಸೆಯಿದೆ. ಎಲ್ಲಿ ಹಾಕಿಸಿದರೆ ಸಾರ್ಥಕವಾದೀತು ಎಂಬುದು ಅವರ ಗೊಂದಲ. ಈ ಮೂವರನ್ನೂ ಎದುರಿಗೆ ಕೂರಿಸಿಕೊಂಡವನಂತೆ ನಾನು ಇದನ್ನು ಬರೆಯುತ್ತಿದ್ದೇನೆ.

ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಭಾಗದಲ್ಲಿ ಏಳುವುದಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಮತ್ತು ಅವರು ಐಕ್ಯರಾದ ಕೂಡಲಸಂಗಮ ಎರಡೂ ನಮ್ಮ ಸುತ್ತಲೇ ಇವೆ, ದಾಸೋಹ ಎಂಬ ಮಾತು ಇಲ್ಲಿ ಮನೆಮಾತು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ದಾಸೋಹದಲ್ಲಿ ಹಾಗಿರಬಾರದು ಎಂಬುದೂ ನಮ್ಮ ಹಿರಿಯರು ಕಲಿಸಿಕೊಟ್ಟ ಪಾಠವೇ. ತೊಡಕಿರುವುದು ಆಯ್ಕೆಯಲ್ಲಿ.

ಮೊದಲು ಅಳತೆಗೋಲು

ಯಾವುದೇ ಬಗೆಯ ಕೊಡುಗೆಯನ್ನು ತೂಗುವ ಮೊದಲು ನಾನು ಐದು ಸಂಗತಿಗಳನ್ನು ಕೇಳಿಕೊಳ್ಳುತ್ತೇನೆ. ಇದು ಪಡೆಯುವವರಿಗೆ ನಿಜವಾಗಿ ಬೇಕಾದದ್ದೇ, ಅಥವಾ ನನ್ನ ಮನೆಯಲ್ಲಿ ಹೆಚ್ಚಾದದ್ದೇ? ನಾನು ಇದನ್ನು ಎಷ್ಟು ದಿನ ನಡೆಸಿಕೊಂಡು ಹೋಗಬಲ್ಲೆ? ಪಡೆಯುವವರು ತಲೆ ತಗ್ಗಿಸದೆ ತೆಗೆದುಕೊಳ್ಳಬಹುದೇ? ಇದರಿಂದ ಹಾನಿಯಾಗುವ ಸಾಧ್ಯತೆ ಇದೆಯೇ? ಕೊನೆಗೆ, ತಲುಪಬೇಕಾದಲ್ಲಿಗೆ ತಲುಪಿತು ಎಂಬುದು ನನಗೆ ಗೊತ್ತಾಗುವುದೇ? ಈ ಐದರಲ್ಲಿ ಎರಡನೆಯದಕ್ಕೆ ನಾನು ಹೆಚ್ಚಿನ ತೂಕ ಕೊಡುತ್ತೇನೆ, ಏಕೆಂದರೆ ವರ್ಷಕ್ಕೊಮ್ಮೆ ಸಾವಿರ ಜನರಿಗೆ ಹಾಕುವ ಊಟಕ್ಕಿಂತ ವಾರಕ್ಕೊಮ್ಮೆ ನಾಲ್ಕು ಜನರಿಗೆ ತಪ್ಪದೆ ತಲುಪುವ ಬುತ್ತಿಯನ್ನು ನಂಬಿಕೊಂಡು ಬದುಕುವುದು ಸಾಧ್ಯ. ನೇಮದಿಂದ ಬರುತ್ತದೆ ಎಂದು ಗೊತ್ತಿದ್ದಾಗ ಪಡೆಯುವವರು ತಮ್ಮ ಉಳಿದ ಹಣವನ್ನು ಔಷಧಕ್ಕೋ ಬಾಡಿಗೆಗೋ ಹೊಂದಿಸಿಕೊಳ್ಳುತ್ತಾರೆ. ಯಾವಾಗ ಬರುತ್ತದೆಂದು ತಿಳಿಯದ ನೆರವಿನಿಂದ ಹೊಟ್ಟೆ ತುಂಬೀತೇ ಹೊರತು ಲೆಕ್ಕ ಕೂಡಿಬರುವುದಿಲ್ಲ.

ಊಟ

ಎಲ್ಲರಿಗೂ ಮೊದಲು ಹೊಳೆಯುವುದು ಅನ್ನದಾನ. ಬೇಕಾದಷ್ಟೇ ಪ್ರಮಾಣದಲ್ಲಿ, ಬೇಕಾದ ಜಾಗದಲ್ಲಿ ಕೊಟ್ಟರೆ ಇದರಷ್ಟು ನೇರವಾದದ್ದು ಬೇರೊಂದಿಲ್ಲ. ಆದರೆ ಊಟ ಹೆಚ್ಚಾಗಿ ಹೋಗುವುದು ಈಗಾಗಲೇ ಊಟ ಇರುವ ಕಡೆಗೇ. ಕಳೆದ ಚಳಿಗಾಲದಲ್ಲಿ ನಾವು ನಾಲ್ಕಾರು ಗೆಳೆಯರು ಪೊಟ್ಟಣ ಕಟ್ಟಿಕೊಂಡು ಇಲ್ಲಿನ ಒಂದು ಆಸ್ಪತ್ರೆಯ ಹೊರಗೆ ನಿಂತಿದ್ದೆವು. ರೋಗಿಯ ಜೊತೆ ಬಂದಿದ್ದ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮೂರು ಕಡಿಯಿಂದ ಬಂದೈತ್ರಿ ಅಣ್ಣಾರ. ಬಿಸಿನೀರ ಎಲ್ಲೂ ಸಿಗವಲ್ದು" ಎಂದಳು. ಆಕೆಯ ಚೀಲದಲ್ಲಿ ಆಗಲೇ ಎರಡು ಪೊಟ್ಟಣಗಳು ಬೆವರಿ ಕುಳಿತಿದ್ದವು. ಅಂದಿನಿಂದ ನಾವು ಎರಡು ದೊಡ್ಡ ಫ್ಲಾಸ್ಕುಗಳಲ್ಲಿ ಬಿಸಿನೀರು ಮತ್ತು ಒಂದು ಡಬ್ಬಿಯಲ್ಲಿ ತೆಳ್ಳನೆಯ ಗಂಜಿ ಒಯ್ಯುತ್ತೇವೆ. ಖರ್ಚು ಮೊದಲಿಗಿಂತ ಕಡಿಮೆಯಾಯಿತು, ಡಬ್ಬಿ ಬರಿದಾಗದೆ ಮರಳಿದ ದಿನವಿಲ್ಲ.

ಏನು ಕೊಡಬೇಕು ಎಂಬುದರಲ್ಲಿಯೂ ಆಯ್ಕೆಯಿದೆ. ನಮ್ಮ ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುವ ದಿನಗಳಲ್ಲಿ, ಬೆಳಿಗ್ಗೆ ಕಟ್ಟಿದ ಅನ್ನ-ಸಾರು ಮಧ್ಯಾಹ್ನಕ್ಕೆ ಹಳಸುವ ಅಪಾಯವಿರುತ್ತದೆ. ಖಟಕ ರೊಟ್ಟಿಗೆ ಆ ಭಯವಿಲ್ಲ. ಒಣಗಿಸಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ನಿಲ್ಲುತ್ತದೆ, ಶೇಂಗಾ ಚಟ್ನಿಯ ಜೊತೆ ತಾನೇ ಒಂದು ಊಟವಾಗುತ್ತದೆ, ತಿನ್ನುವವರು ತಮಗೆ ಹಸಿವಾದಾಗ ತಿನ್ನಬಹುದು. ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿಂದಲೇ ಕೊಂಡರೆ ನಿಮ್ಮ ಹಣ ಎರಡು ಮನೆಗಳಿಗೆ ಮುಟ್ಟುತ್ತದೆ. ಹಲ್ಲಿಲ್ಲದ ವೃದ್ಧರಿಗೆ ಮತ್ತು ರೋಗಿಗಳಿಗೆ ಮಾತ್ರ ಖಟಕ ರೊಟ್ಟಿ ಹೊಂದುವುದಿಲ್ಲ, ಅಲ್ಲಿ ಮೆತ್ತನೆಯ ಬಿಸಿರೊಟ್ಟಿ ಅಥವಾ ಗಂಜಿಯೇ ಸರಿ.

ತಾವೇ ಅಡುಗೆ ಮಾಡಲಾಗದವರಿಗೆ ಇಂದಿರಾ ಕ್ಯಾಂಟೀನ್ ಒಂದು ಸುಲಭ ದಾರಿ. ಅಲ್ಲಿ ಉಪಾಹಾರಕ್ಕೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಹಸಿದವರನ್ನು ಕರೆದುಕೊಂಡು ಹೋಗಿ ಅವರ ಪಕ್ಕದಲ್ಲೇ ನಿಂತು ಊಟ ಮಾಡಿದರೆ ಅದು ಭಿಕ್ಷೆ ಅನ್ನಿಸುವುದಿಲ್ಲ.

ಶಾಲೆಯಲ್ಲಿ ಊಟ ಹಾಕಿಸುವ ವಿಚಾರಕ್ಕೆ ಬಂದರೆ, ಮಕ್ಕಳಿಗೆ ಶಾಲೆ ನಡೆಯುವ ದಿನಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಹೇಗೂ ಸಿಗುತ್ತದೆ. ಆದುದರಿಂದ ಅದೇ ದಿನ ಇನ್ನೊಂದು ಅನ್ನ-ಸಾರು ಒಯ್ದರೆ ಒಂದು ಪಾತ್ರೆ ಚೆಲ್ಲುವುದು ಖಚಿತ. ಬಿಸಿಯೂಟದ ಕೇಂದ್ರ ಯೋಜನೆಯಾದ ಪಿಎಂ ಪೋಷಣ್‌ನಲ್ಲಿ ತಿಥಿ ಭೋಜನ ಎಂಬ ಅವಕಾಶವಿದೆ. ಹುಟ್ಟುಹಬ್ಬ, ಮದುವೆಯಂಥ ಸಂದರ್ಭಗಳಲ್ಲಿ ಊರಿನವರು ಶಾಲೆಯ ಊಟಕ್ಕೆ ಪೂರಕವಾಗಿ ವಿಶೇಷ ತಿನಿಸನ್ನು ಕೊಡಬಹುದು. ಮುಖ್ಯೋಪಾಧ್ಯಾಯರನ್ನು ಮೊದಲೇ ಕಂಡು, ಬಿಸಿಯೂಟದ ಜೊತೆಗೆ ಶೇಂಗಾ ಉಂಡಿ, ಹಣ್ಣು ಅಥವಾ ಒಂದೊಂದು ಹೋಳಿಗೆಯನ್ನು ಸೇರಿಸುವುದು ಒಳ್ಳೆಯದು.

ಬಟ್ಟೆ ಮತ್ತು ಹೊದಿಕೆ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳನ್ನು ಮುಳುಗಿಸಿದಾಗ ನಾನು ಒಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಅಂಗಳದಲ್ಲಿ ಹಳೆಯ ಬಟ್ಟೆಯ ಗುಡ್ಡೆ ಮಳೆಯಲ್ಲಿ ನೆನೆಯುತ್ತಿತ್ತು, ಒಳಗೆ ಹೆಣ್ಣುಮಕ್ಕಳಿಗೆ ಒಳಉಡುಪು ಮತ್ತು ಸ್ಯಾನಿಟರಿ ಪ್ಯಾಡುಗಳಿಲ್ಲದೆ ಪರದಾಟ ನಡೆದಿತ್ತು. ತೊಟ್ಟು ಬಿಟ್ಟ ಬಟ್ಟೆ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಒಗೆದು, ಗುಂಡಿ ಹಚ್ಚಿ, ಮಡಚಿ, ಯಾರಿಗೆ ಎಂದು ಗೊತ್ತಿದ್ದು ಕೊಟ್ಟರೆ ಅದು ಉಡುಗೊರೆ. ಹರಿದದ್ದನ್ನು ಗಂಟು ಕಟ್ಟಿ ಎಸೆದು ಬಂದರೆ ನಮ್ಮ ಮನೆ ಹಗುರಾಗುತ್ತದೆ, ಅಷ್ಟೇ.

ಹಳೆಯ ಸೀರೆಗೆ ನಮ್ಮಲ್ಲಿ ಇನ್ನೊಂದು ದಾರಿಯಿದೆ, ಅದು ಕೌದಿ. ಮೆತ್ತಗಾದ ನೂಲಿನ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಕೈಹೊಲಿಗೆ ಹಾಕುತ್ತ ಬರುವ ಕೌದಿ, ಅಂಗಡಿಯ ತೆಳುವಾದ ಕಂಬಳಿಗಿಂತ ಬೆಚ್ಚಗಿರುತ್ತದೆ ಮತ್ತು ಎಷ್ಟೋ ವರ್ಷ ಬಾಳುತ್ತದೆ. ಕೌದಿ ಹೊಲಿಯುವ ಅಜ್ಜಿಯರಿಗೆ ಸೀರೆ ಮತ್ತು ಕೂಲಿ ಕೊಟ್ಟು ಹೊಲಿಸಿ, ಕಬ್ಬು ಕಡಿಯುವ ಗ್ಯಾಂಗಿನ ಕುಟುಂಬಗಳಿಗೆ ಒಯ್ದು ಕೊಡುವುದನ್ನು ನಾನು ಎಲ್ಲ ಬಟ್ಟೆ ದಾನಕ್ಕಿಂತ ಮೇಲೆ ಇಡುತ್ತೇನೆ. ಮುಧೋಳ, ಜಮಖಂಡಿ, ಅಥಣಿ, ರಾಯಬಾಗದ ಸುತ್ತ ಕಾರ್ಖಾನೆಗಳು ನುರಿಸಲು ಆರಂಭಿಸಿದ ಮೇಲೆ ಈ ಕುಟುಂಬಗಳು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತವೆ. ಡಿಸೆಂಬರ್ ಜನವರಿಯ ಚಳಿಯಲ್ಲಿ ಮಕ್ಕಳು ರವದಿಯ, ಅಂದರೆ ಕಬ್ಬಿನ ಒಣಗಿದ ಸೋಗೆಯ ಮೇಲೆ ಮಲಗುತ್ತವೆ. ಇದಕ್ಕೆ ಸಮಯ ಬೇಕು, ಕೌದಿಯೊಂದಕ್ಕೆ ಹಲವು ದಿನಗಳು ಹಿಡಿಯುತ್ತವೆ. ದಸರೆಯ ಹೊತ್ತಿಗೇ ಹೊಲಿಯಲು ಕೊಟ್ಟರೆ ಚಳಿಗೆ ಸಿಗುತ್ತದೆ.

ಕೈಗೆ ಹಣ

ಬಸ್ ನಿಲ್ದಾಣದಲ್ಲಿ ಚಾಚಿದ ಕೈಗೆ ಹತ್ತು ರೂಪಾಯಿ ಹಾಕುವುದು ಎಲ್ಲಕ್ಕಿಂತ ಸುಲಭ, ತಲುಪಿತೋ ಇಲ್ಲವೋ ಎಂಬುದು ತಿಳಿಯುವುದು ಎಲ್ಲಕ್ಕಿಂತ ಕಷ್ಟ. ಮಕ್ಕಳ ಕೈಗೆ ಹಣ ಕೊಡಬೇಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ, ಏಕೆಂದರೆ ಮಗು ಹೆಚ್ಚು ದುಡಿದಷ್ಟೂ ಶಾಲೆಯಿಂದ ದೂರವೇ ಉಳಿಯುತ್ತದೆ. ಹಣ್ಣು ಕೊಡಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ಒಂಟಿಯಾಗಿ ಬಿದ್ದಿರುವ ವೃದ್ಧರಿಗಾಗಿ 14567 ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇಕಡಾ 3ರಷ್ಟು ಭಿಕ್ಷುಕರ ಕರವೂ ಸೇರಿರುತ್ತದೆ, ಅದು ನಿರಾಶ್ರಿತರ ಪುನರ್ವಸತಿಗಾಗಿ ಇರುವ ಹಣ. ಹಾಗಾಗಿ ಇಂಥವರಿಗಾಗಿ ಕರೆಮಾಡಿ ಸಹಾಯ ಕೇಳುವಾಗ ಸಂಕೋಚ ಬೇಡ.

ಗುರುತಿರುವ ಮನೆಗೆ ಹಣ ಕೊಡುವುದು ಬೇರೆಯದೇ ಮಾತು. ಓಣಿಯ ವಿಧವೆಗೆ ತಿಂಗಳಿಗೆ 500 ರೂಪಾಯಿ ಕೊಡುವವರು ಅದನ್ನು ಹೇಗೆ ಖರ್ಚು ಮಾಡಿದಳೆಂದು ವಿಚಾರಿಸಬಾರದು. ಮನೆಯ ಕೊರತೆ ಯಾವುದೆಂಬುದು ಆಕೆಗೇ ಚೆನ್ನಾಗಿ ಗೊತ್ತು. ಮೊಬೈಲಿನಲ್ಲಿ ಹರಿದಾಡುವ ರೋಗಿಗಳ ಫೋಟೊ ಮತ್ತು ಕ್ಯೂಆರ್ ಕೋಡ್ ನೋಡಿ ಹಣ ಹಾಕುವ ಮೊದಲು, ಆಸ್ಪತ್ರೆಯ ಬಿಲ್ಲಿಗೆ ರೋಗಿಯ ಹೆಸರಿನಲ್ಲಿ ನೇರವಾಗಿ ಕಟ್ಟಲು ಬರುತ್ತದೆಯೇ ಎಂದು ಫೋನ್ ಮಾಡಿ ಕೇಳಿ.

ಒಂದು ಮಗುವಿನ ಓದು

ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂಗಳು ಉಚಿತವಾಗಿ ಸಿಗುತ್ತವೆ. ಆದರೂ ದಾನಿಗಳು ಸಾಮಾನ್ಯವಾಗಿ ಕೊಡುವುದು ಚೀಲ ಮತ್ತು ಸಮವಸ್ತ್ರವನ್ನೇ. ಕೊರತೆ ಇರುವುದು ನೋಟ್‌ಬುಕ್ಕು, ಜ್ಯಾಮಿತಿ ಪೆಟ್ಟಿಗೆ, ಹತ್ತನೆಯ ತರಗತಿಯವರಿಗೆ ಅಭ್ಯಾಸದ ಪ್ರಶ್ನೆಪತ್ರಿಕೆಗಳು, ಕಾಲೇಜಿಗೆ ಹೋದವರಿಗೆ ಬಸ್ ಪಾಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿದೆ. ಹಳ್ಳಿಯಿಂದ ತಾಲ್ಲೂಕಿಗೆ ಓದಲು ಬರುವ ಬಡ ಗಂಡುಹುಡುಗರ ಪಾಸಿನ ಹಣವನ್ನು ಯಾರಾದರೂ ಹೊತ್ತುಕೊಂಡರೆ ಓದು ಅರ್ಧಕ್ಕೆ ನಿಲ್ಲುವುದು ತಪ್ಪುತ್ತದೆ. ಓದಿದ ಪುಸ್ತಕಗಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಡಬಹುದು. ಈ ದಾರಿಯಲ್ಲಿರುವ ಕಠಿಣವಾದ ಷರತ್ತೆಂದರೆ ನಡುವೆ ಕೈಬಿಡುವಂತಿಲ್ಲ. ಮೂರು ವರ್ಷ ಕೊಡಲಾರೆ ಎನ್ನುವವರು ಮೊದಲ ವರ್ಷವೂ ಹೆಸರು ಹಿಡಿದು ಒಪ್ಪಿಕೊಳ್ಳಬಾರದು, ಶಾಲೆಗೆ ಒಟ್ಟಾಗಿ ನೋಟ್‌ಬುಕ್ಕು ಕೊಟ್ಟು ಬಿಡುವುದು ಮೇಲು.

ರಕ್ತ

ಹಣವಿಲ್ಲದವರ ಕೈಯಲ್ಲಿರುವ ದೊಡ್ಡ ಕೊಡುಗೆ ಇದು. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ, ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಹೆಚ್ಚಿರುವ ಆರೋಗ್ಯವಂತರು ಕೊಡಬಹುದು. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರ್. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಲು ಬರುತ್ತದೆ. ಪ್ಲೇಟ್‌ಲೆಟ್ಟುಗಳನ್ನು ಐದು ದಿನಕ್ಕಿಂತ ಹೆಚ್ಚು ಕಾಯ್ದಿಡಲಾಗದು. ಆದುದರಿಂದ ನಾಯಕರ ಜನ್ಮದಿನದಂದು ಒಂದೇ ಬಾರಿ ನೂರಾರು ಜನ ಕೊಡುವುದಕ್ಕಿಂತ, ಗೆಳೆಯರು ಸರದಿ ಹಚ್ಚಿಕೊಂಡು ತಿಂಗಳು ತಿಂಗಳು ಕೊಡುವುದು, ಅದರಲ್ಲೂ ಕಾಲೇಜು ರಜೆಯಿರುವ ಏಪ್ರಿಲ್-ಮೇ ತಿಂಗಳಲ್ಲಿ ಕೊಡುವುದು ಹೆಚ್ಚು ಉಪಯುಕ್ತ.

ದನ, ಹಕ್ಕಿ, ನಾಯಿ

ಇಲ್ಲಿ ಪ್ರೀತಿಯಿಂದಲೇ ಹಾನಿಯಾಗುತ್ತದೆ, ಆದುದರಿಂದ ನಿಧಾನವಾಗಿ ಹೇಳಬೇಕು. ಒಂದು ಯುಗಾದಿಯ ಸಂಜೆ ನಮ್ಮ ಮನೆಯಲ್ಲಿ ಉಳಿದ ಅನ್ನ ಮತ್ತು ಹೂರಣವನ್ನು ಓಣಿಗೆ ಬರುವ ಆಕಳಿಗೆ ಹಾಕಿದೆವು. ಅಕ್ಕಪಕ್ಕದ ಐದಾರು ಮನೆಯವರೂ ಅದನ್ನೇ ಮಾಡಿದ್ದರೆಂದು ನಮಗೆ ತಿಳಿಯಲಿಲ್ಲ. ಬೆಳಿಗ್ಗೆ ಅದು ಬೇವಿನ ಮರದ ಕೆಳಗೆ ಮಲಗಿತ್ತು, ಮೆಲುಕು ನಿಂತಿತ್ತು, ಎಡಗಡೆಯ ಹೊಟ್ಟೆ ಉಬ್ಬಿ ಬಡಿದರೆ ಡೋಲಿನಂತೆ ಸಪ್ಪಳ ಕೊಡುತ್ತಿತ್ತು. ಬಂದ ಪಶುವೈದ್ಯರು ಬಾಯಿ ತೆರೆದು ನೋಡುವ ಮೊದಲೇ "ಅನ್ನ ಹಾಕೀರಿ, ಹೌದಿಲ್ರಿ?" ಎಂದರು. ಬೇಯಿಸಿದ ಧಾನ್ಯ ಒಮ್ಮೆಲೇ ಹೆಚ್ಚು ಬಿದ್ದರೆ ದನದ ಮೊದಲ ಹೊಟ್ಟೆಯಲ್ಲಿ ಬೇಗ ಹುಳಿತು ಆಮ್ಲ ಏರುತ್ತದೆ, ಪ್ರಾಣಕ್ಕೂ ಕುತ್ತಾಗುತ್ತದೆ. ನಮ್ಮ ಆಕಳು ಉಳಿಯಿತು. ಅಂದಿನಿಂದ ನಮ್ಮ ಮನೆಯಿಂದ ದನಕ್ಕೆ ಹೋಗುವುದು ಒಣ ಮೇವು, ಹಸಿ ಹುಲ್ಲು, ತರಕಾರಿ ಸಿಪ್ಪೆ ಮಾತ್ರ. ಅದೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುವುದಲ್ಲ, ನೆಲಕ್ಕೆ ಸುರಿದು ಚೀಲವನ್ನು ಮನೆಗೆ ತರುವುದು.

ಗೋಶಾಲೆಗೆ ಕೊಡುವವರು ತಿಂಗಳನ್ನು ನೋಡಿ ಕೊಡಬೇಕು. ನಮ್ಮ ಹಿಂಗಾರಿ ಬಿಳಿಜೋಳದ ರಾಶಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ಆಗ ಕಣಿಕೆ, ಅಂದರೆ ಜೋಳದ ಒಣ ದಂಟಿನ ಮೇವು, ಹೇರಳವಾಗಿ ಸಿಗುತ್ತದೆ. ಜೂನ್‌ನಲ್ಲಿ ಮಳೆ ತಡವಾದರೆ ಅದೇ ಕಣಿಕೆಗೆ ಪರದಾಡಬೇಕು. ಹೀಗಾಗಿ ಮಾರ್ಚ್‌ನಲ್ಲಿ ಕೊಟ್ಟ ಸಾವಿರ ರೂಪಾಯಿ ಬಣವಿಯಾಗಿ ನಿಲ್ಲುತ್ತದೆ, ಜೂನ್‌ನಲ್ಲಿ ಕೊಟ್ಟ ಸಾವಿರ ಕೆಲವೇ ದಿನಗಳಲ್ಲಿ ಕರಗುತ್ತದೆ. ಅಮಾವಾಸ್ಯೆಗೆ ಬಾಳೆಹಣ್ಣು, ಬೆಲ್ಲ ಒಯ್ಯುವವರು ಗೋಶಾಲೆಯವರನ್ನು ಕೇಳಿ ಹಿಂಡಿ ಅಥವಾ ಹೊಟ್ಟು ಒಯ್ಯುವುದು ಮೇಲು. ಗಾಯಗೊಂಡ ದನಕರುಗಳಿಗೆ ಪಶು ಸಂಜೀವಿನಿಯ 1962 ಸಂಖ್ಯೆಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ನೀರಿಡುವುದು ಎಲ್ಲಕ್ಕಿಂತ ಅಗ್ಗ, ಆದರೆ ಎಲ್ಲಕ್ಕಿಂತ ನೇಮ ಬೇಡುವಂಥದು. ಹಕ್ಕಿಗಳಿಗೆ ಅಗಲವಾದ ಮಣ್ಣಿನ ಪರಿಯಾಣ ಸಾಕು. ಮುಳುಗಿದ ಜೇನ್ನೊಣ, ಗುಬ್ಬಿಮರಿ ಹತ್ತಿ ಬರಲು ನಡುವೆ ಒಂದು ಕಲ್ಲಿಡಿ, ಬೆಕ್ಕಿಗೆ ಎಟುಕದ ನೆರಳಿನಲ್ಲಿಡಿ. ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕಿ ನೀರು ಬದಲಿಸದಿದ್ದರೆ ವಾರ ಹತ್ತು ದಿನಗಳಲ್ಲಿ ಸೊಳ್ಳೆಗಳು ಹುಟ್ಟುತ್ತವೆ. ದನಗಳಿಗೆ ಸಿಮೆಂಟಿನ ಬಾನಿ ಇಡಬೇಕೆನ್ನುವವರು ಮೊದಲು ಲೆಕ್ಕ ಹಾಕಬೇಕು: ಬಿಸಿಲಿನಲ್ಲಿ ದೊಡ್ಡ ಆಕಳೊಂದು ದಿನಕ್ಕೆ 40ರಿಂದ 60 ಲೀಟರ್ ಕುಡಿಯುತ್ತದೆ. ನಳದ ನೀರು ದಿನವೂ ಬಾರದ ಬಡಾವಣೆಯಲ್ಲಿ ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ, ನಾಲ್ಕು ಮನೆಯವರು ವಾರ ಹಂಚಿಕೊಳ್ಳಬೇಕು.

ಬೀದಿನಾಯಿಗಳ ವಿಷಯದಲ್ಲಿ ಅನ್ನ ಹಾಕುವುದಷ್ಟೇ ಸಾಲದು. ಬಿಸ್ಕತ್ತು ಹೊಟ್ಟೆ ತುಂಬಿಸುವುದಿಲ್ಲ, ಚಾಕೊಲೇಟ್ ಮತ್ತು ಈರುಳ್ಳಿ ಅವಕ್ಕೆ ವಿಷ. ಸಂತಾನಹರಣ ಮತ್ತು ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಬೀದಿಯಲ್ಲಿ ಕಂಡಕಂಡಲ್ಲಿ ಆಹಾರ ಹಾಕುವುದನ್ನು ತಡೆದು, ವಾರ್ಡುಗಳಲ್ಲಿ ಅದಕ್ಕೆಂದೇ ಜಾಗ ಗುರುತಿಸಬೇಕೆಂದು ಆದೇಶಿಸಿದೆ. ಆದುದರಿಂದ ನಿಮ್ಮ ವಾರ್ಡಿನ ಜಾಗವನ್ನು ಕೇಳಿಕೊಂಡು ಅಲ್ಲಿಯೇ ಹಾಕಿ, ನಾಯಿಗಳನ್ನು ಹಿಡಿದು ಲಸಿಕೆ ಹಾಕಿಸುವಾಗ ಅವುಗಳಿಗೆ ಗುರುತಿರುವ ನೀವೇ ಮುಂದೆ ನಿಲ್ಲಿ. ಬರಿಯ ಊಟಕ್ಕಿಂತ ನಾಯಿಗೂ ಓಣಿಯ ಮಕ್ಕಳಿಗೂ ಇದು ದೊಡ್ಡ ಉಪಕಾರ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಸಂಸ್ಥೆಯ ಮೂಲಕ ಕೊಡುವವರಿಗೆ

80ಜಿ ಎಂದು ಜನ ಕರೆಯುವ ತೆರಿಗೆ ರಿಯಾಯಿತಿ ನೋಂದಾಯಿತ ಸಂಸ್ಥೆಗೆ ಕೊಟ್ಟ ಹಣಕ್ಕಷ್ಟೇ ಸಿಗುತ್ತದೆ. ಧಾನ್ಯ, ಬಟ್ಟೆ, ಮೇವಿಗೆ ಸಿಗುವುದಿಲ್ಲ, 2,000 ರೂಪಾಯಿ ಮೀರಿದ ನಗದಿಗೂ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಂತೂ ಇದು ಇಲ್ಲವೇ ಇಲ್ಲ. ರಸೀದಿಗಿಂತ ನಾನು ನಂಬುವುದು ಕಣ್ಣನ್ನು: ಹೇಳದೆ ಒಂದು ವಾರದ ದಿನ ಹೋಗಿ, ಬಾನಿಯಲ್ಲಿ ನೀರಿದೆಯೇ, ದನಗಳ ಪಕ್ಕೆ ತುಂಬಿವೆಯೇ, ವೃದ್ಧಾಶ್ರಮದಲ್ಲಿ ಹಾಸಿಗೆಗಳು ಒಣಗಿವೆಯೇ ಎಂದು ನೋಡಿ ಬನ್ನಿ. ನೋಡಲು ಬಿಡದ ಕಡೆಗೆ ಕೊಡಬೇಡಿ.

ಕೇಳಿದವರಿಗೆ

ಬಾಗೇವಾಡಿಯ ದಂಪತಿ ಹುಟ್ಟುಹಬ್ಬ ಶಾಲೆಯ ದಿನವಾಗಿದ್ದರೆ ಬಿಸಿಯೂಟಕ್ಕೆ ಪೂರಕವಾಗಿ ಉಂಡಿ ಮತ್ತು ಹಣ್ಣು ಕೊಡಲಿ, ಬೇಸಿಗೆ ರಜೆಯಲ್ಲಿ ಬಿದ್ದರೆ ಅದೇ ಹಣವನ್ನು ಆಸ್ಪತ್ರೆಯ ಹೊರಗಿನ ಗಂಜಿ, ಬಿಸಿನೀರು, ರೊಟ್ಟಿಗೆ ತಿರುಗಿಸಲಿ. ಮಗಳ ಕೈಯಿಂದಲೇ ಬಡಿಸಲಿ, ಪಡೆಯುವವರ ಫೋಟೊ ತೆಗೆಯುವುದು ಬೇಡ.

ವಿದ್ಯಾರ್ಥಿ ಮೂರು ತಿಂಗಳಿಗೊಮ್ಮೆ ರಕ್ತ ಕೊಡಲಿ, ತೂಕ ಅಥವಾ ಹಿಮೋಗ್ಲೋಬಿನ್ ಸಾಲದಿದ್ದರೆ ಭಾನುವಾರ ಒಂದು ತಾಸು ಕಿರಿಯ ಮಕ್ಕಳಿಗೆ ಗಣಿತ ಹೇಳಿಕೊಡಲಿ, ವಸತಿನಿಲಯದ ಮಾಳಿಗೆಯಲ್ಲಿ ಹಕ್ಕಿಗಳಿಗೆ ನೀರಿಡಲಿ. ಊರಿಗೆ ಹೋಗುವಾಗ ನೀರಿನ ಹೊಣೆಯನ್ನು ಇನ್ನೊಬ್ಬನಿಗೆ ಒಪ್ಪಿಸಿ ಹೋಗಬೇಕು, ಏಕೆಂದರೆ ಹಕ್ಕಿಗಳು ಅದೇ ಜಾಗಕ್ಕೆ ಬಂದು ಕಾಯುತ್ತವೆ.

ಜಮಖಂಡಿಯ ಅಕ್ಕಾವರಿಗೆ ನನ್ನ ಸಲಹೆ ಇದು: ತಿಂಗಳಿಗೆ 1,500 ರೂಪಾಯಿಯನ್ನು ಹುಡುಗನ ಪಾಸು ಮತ್ತು ಪುಸ್ತಕಕ್ಕೆ, ಅವನ ಓದು ಮುಗಿಯುವವರೆಗೆ ಎಂದು ಎತ್ತಿಡಿ. ಉಳಿದ 500ನ್ನು ಗೋಶಾಲೆಗೆ ಪ್ರತಿ ತಿಂಗಳೂ ಕಳುಹಿಸಬೇಡಿ, ಕೂಡಿಡಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 6,000 ಆಗುತ್ತದೆ, ರಾಶಿ ಮುಗಿದ ವಾರ ಪರಿಚಯದ ರೈತರ ಹೊಲದಿಂದಲೇ ಕಣಿಕೆ ಕೊಂಡು ಗಾಡಿಯಲ್ಲಿ ಹೇರಿಸಿ ಗೋಶಾಲೆಗೆ ಮುಟ್ಟಿಸಿ. ಗಾಡಿ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ, ಕಣಿಕೆ ಇಳಿಸುವಾಗ ಅಲ್ಲಿಯೇ ಇರಿ, ಸೂಡುಗಳನ್ನು ಎಣಿಸಿಕೊಳ್ಳಿ.